ರಾತ್ರಿಯ ಅನ್ನ ಬಿಟ್ಟ ಓಟಗಾರ್ತಿಗೆ

ಉಡುಪಿ ಕಡೆಯ ಓದುಗರೊಬ್ಬರಿಂದ ನಾಲ್ಕು ಪುಟದ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪ್ರಾಯ 36, ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತಾರೆ, ಏಳು ವರ್ಷದ ಮಗನಿದ್ದಾನೆ. ಓಡಲು ತೊಡಗಿ ಮೂರು ವರ್ಷ. ಕಳೆದ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಅರ್ಧ ಮ್ಯಾರಥಾನನ್ನು 2 ಗಂಟೆ 6 ನಿಮಿಷದಲ್ಲಿ ಮುಗಿಸಿದ್ದಾರೆ. ಈ ಸಲ ಪೂರ್ತಿ 42 ಕಿಲೋಮೀಟರ್ ಓಡಿಯೇ ಸಿದ್ಧ ಎಂದು ಹಟ ತೊಟ್ಟಿದ್ದಾರೆ. ಪತ್ರದ ತಿರುಳು ಇದು:

“ಹಿಂದೆ ಪಡುಕೆರೆಯಿಂದ ಮಟ್ಟುವಿನವರೆಗೆ ಓಡಿ ಬಂದರೆ ದಿನವಿಡೀ ಮೈ ಹಗುರಾಗಿರುತ್ತಿತ್ತು. ಈಗ ಅಲಾರಾಂ ಹೊಡೆದರೆ ಅಳು ಬರುತ್ತದೆ. ಮೊದಲಿಗಿಂತ ಹೆಚ್ಚು ಓಡುತ್ತಿದ್ದೇನೆ, ಆದರೂ ವೇಗ ಇಳಿಯುತ್ತಲೇ ಇದೆ. ತೂಕ ಇಳಿದರೆ ವೇಗ ಬರುತ್ತದೆ ಎಂದು ಗುಂಪಿನಲ್ಲಿ ಹೇಳಿದರು. ರಾತ್ರಿ ಅನ್ನ ಬಿಟ್ಟು ಆರು ಕಿಲೋ ಇಳಿಸಿ 50ಕ್ಕೆ ಬಂದಿದ್ದೇನೆ. ಒಂದು ಉಪಕಾರವೂ ಆಗಿದೆ, ನಾಲ್ಕು ತಿಂಗಳಿಂದ ಮುಟ್ಟಿನ ತಾಪತ್ರಯವಿಲ್ಲ. ಬಲಗಾಲಿನ ಎಲುಬಿನಲ್ಲಿ ಒಂದು ಕಡೆ ಒತ್ತಿದರೆ ನೋವಿದೆ, ಓಡುವವರಿಗೆ ಅದು ಇದ್ದದ್ದೇ. ಅತ್ತೆಯವರು ‘ಹೀಗೆ ಓಡಿದರೆ ಗರ್ಭಕೋಶ ಜಾರುತ್ತದೆ, ಕಡ್ಡಿಯ ಹಾಗಾಗಿದ್ದೀಯ, ಮೊದಲು ಹೊಟ್ಟೆ ತುಂಬ ಉಣ್ಣು’ ಎನ್ನುತ್ತಾರೆ. ನನಗೆ ಬೇಕಾಗಿರುವುದು ಹುಮ್ಮಸ್ಸು. ಅದನ್ನು ಮರಳಿ ತರುವುದು ಹೇಗೆ?”

ಮಾನ್ಯರೇ,

ನಿಮ್ಮ ಪತ್ರದಲ್ಲಿ ಹುಮ್ಮಸ್ಸಿನ ವಿಚಾರಕ್ಕೆ ಮೂರು ಪುಟ, ಮುಟ್ಟು ನಿಂತ ವಿಚಾರಕ್ಕೆ ಒಂದು ಸಾಲು. ಇದೇ ಪತ್ರ ವರದಿಯಾಗಿ ನನ್ನ ಮೇಜಿಗೆ ಬಂದಿದ್ದರೆ ಆ ಸಾಲನ್ನು ತಲೆಬರಹಕ್ಕೆ ಏರಿಸಿ ಉಳಿದದ್ದಕ್ಕೆ ಕತ್ತರಿ ಹಾಕುತ್ತಿದ್ದೆ. ಮೂವತ್ತಾರನೆಯ ವಯಸ್ಸಿನಲ್ಲಿ ನಾಲ್ಕು ತಿಂಗಳು ಮುಟ್ಟಾಗದಿರುವುದನ್ನು ಉಪಕಾರದ ಲೆಕ್ಕಕ್ಕೆ ಬರೆಯಬೇಡಿ. ಮೂರು ತಿಂಗಳು ತಪ್ಪಿದರೆ ವೈದ್ಯರನ್ನು ಕಾಣಬೇಕು. ಓಡುವವರಿಗೆಂದು ಇದರಲ್ಲಿ ರಿಯಾಯಿತಿ ಇಲ್ಲ. ಮೊದಲು ಗರ್ಭಧಾರಣೆಯ ಪರೀಕ್ಷೆ ಮಾಡಿಕೊಳ್ಳಿ, ಆಮೇಲೆ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ಏರುಪೇರಿನಂಥ ಬೇರೆ ಕಾರಣಗಳಿಲ್ಲವೆಂದು ಅವರು ಖಚಿತ ಮಾಡಿಕೊಳ್ಳಬೇಕು. ವಾರಕ್ಕೆ ಎಷ್ಟು ಓಡುತ್ತೀರಿ, ಏನು ತಿನ್ನುತ್ತೀರಿ, ಏನು ಬಿಟ್ಟಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.

ಕಾಲಿನ ನೋವಿನ ಮಾತು ಇನ್ನೂ ತುರ್ತಿನದು. ಎಲುಬಿನ ಉದ್ದಕ್ಕೂ ಹರಡಿಕೊಂಡ ನೋವಾಗಿದ್ದರೆ ಇಷ್ಟು ಗಾಬರಿಪಡುತ್ತಿರಲಿಲ್ಲ. ಮೊಣಕಾಲಿನ ಕೆಳಗೆ, ಮುಂಗಡೆಯ ಎಲುಬಿನ ಮೇಲೆ ಬೆರಳ ತುದಿಯಷ್ಟೇ ಜಾಗ, ಒತ್ತಿದರೆ ಚುಳ್ಳೆನ್ನುತ್ತದೆ, ಈಚೆಗೆ ಮಲಗಿದಾಗಲೂ ನೋಯುತ್ತದೆ ಎಂದು ಬರೆದಿದ್ದೀರಿ. ಎಲುಬಿನಲ್ಲಿ ಕೂದಲೆಳೆಯ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್, ಶುರುವಾಗುವುದು ಹೀಗೆಯೇ. ಅದು ಹೌದೋ ಅಲ್ಲವೋ ತಿಳಿಯುವವರೆಗೆ ಓಟ ನಿಲ್ಲಿಸಿ. ನಾಳೆಯಿಂದಲ್ಲ, ಇವತ್ತಿನಿಂದ. ಆರಂಭದ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಹೋಗುವುದುಂಟು. ಎಕ್ಸ್‌ರೇ ಸರಿಯಾಗಿದೆ ಎಂದೊಡನೆ ಬೂಟು ಕಟ್ಟಬೇಡಿ. ಎಂಆರ್‌ಐ ಬೇಕೇ ಎಂದು ಮೂಳೆ ತಜ್ಞರನ್ನು ಕೇಳಿ.

ಈ ಎರಡಕ್ಕೂ ನಿಮ್ಮ ಹುಮ್ಮಸ್ಸಿಗೂ ಏನು ಸಂಬಂಧ? ನನಗೆ ಕಾಣುವಂತೆ ಮೂರೂ ಒಂದೇ ಸಂಗತಿ. ನೀವು ಗಣಿತದವರು, ಲೆಕ್ಕ ಹಾಕಿ ನೋಡಿ. ದೇಹದ ತೂಕವನ್ನು ಓಡಿದ ಕಿಲೋಮೀಟರಿನಿಂದ ಗುಣಿಸಿದರೆ ಓಟಕ್ಕೆ ಖರ್ಚಾದ ಕ್ಯಾಲೊರಿ ಹೆಚ್ಚುಕಡಿಮೆ ಸಿಗುತ್ತದೆ. 50 ಕಿಲೋದ ನೀವು ಭಾನುವಾರ 16 ಕಿಲೋಮೀಟರ್ ಓಡಿದರೆ 800. ಬಂದು ತಿನ್ನುವುದು ಎರಡು ಇಡ್ಲಿ, ಒಂದು ಲೋಟ ಚಹಾ. ಅದು ಈ ಖರ್ಚಿನ ಕಾಲು ಭಾಗವನ್ನು ತುಂಬಿಸಿದರೆ ಹೆಚ್ಚು. ಮಧ್ಯಾಹ್ನ ಶಾಲೆಯ ಗಡಿಬಿಡಿಯಲ್ಲಿ ಡಬ್ಬಿಯ ಊಟ, ರಾತ್ರಿ ಸೌತೆಕಾಯಿ ಮತ್ತು ಮಜ್ಜಿಗೆ. ಸಂಪಾದನೆ ಇಳಿದ ಮನೆಯಲ್ಲಿ ಅಡುಗೆ ನಿಲ್ಲುವುದಿಲ್ಲ, ಸುಣ್ಣ ಬಣ್ಣ ನಿಲ್ಲುತ್ತದೆ. ದೇಹವೂ ಉಸಿರಾಟ, ಎದೆಬಡಿತಗಳನ್ನು ನಡೆಸಿಕೊಂಡು ಹೋಗಿ, ಮುಂದೂಡಬಹುದಾದ ಕೆಲಸಗಳನ್ನು ಮುಂದೂಡುತ್ತದೆ. ಮಿದುಳಿನ ಹೈಪೊಥಲಾಮಸ್ ಅಂಡಾಶಯಕ್ಕೆ ಕಳಿಸುವ ಸಂಜ್ಞೆಯನ್ನು ತಗ್ಗಿಸುತ್ತದೆ, ಈಸ್ಟ್ರೊಜೆನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಎಲುಬನ್ನು ಕಾಯುವುದೂ ಈಸ್ಟ್ರೊಜೆನ್ನೇ ಆದ್ದರಿಂದ ಅದರ ದುರಸ್ತಿ ಹಿಂದೆ ಬೀಳುತ್ತದೆ. ನಿದ್ದೆ ಕೆಡುತ್ತದೆ, ಸಣ್ಣದಕ್ಕೂ ಸಿಡುಕು, ಅಳು. ಎಷ್ಟು ಓಡಿದರೂ ಕಾಲಿಗೆ ಶಕ್ತಿ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ಇವೆಲ್ಲವೂ ಇವೆ, ಬೇರೆ ಬೇರೆ ಪುಟಗಳಲ್ಲಿ.

ಕ್ರೀಡಾ ವೈದ್ಯರಿಗೆ ಇದು ಹೊಸದಲ್ಲ. ಸಾಲದ ಆಹಾರ, ನಿಂತ ಮುಟ್ಟು, ಸವೆದ ಎಲುಬು ಎಂಬ ಮೂರರ ಕೂಟವನ್ನು ಅವರು 1990ರ ದಶಕದಲ್ಲೇ ಗುರುತಿಸಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಅದನ್ನು ವಿಸ್ತರಿಸಿ, ಹೃದಯ, ಜೀರ್ಣ, ರೋಗನಿರೋಧಕ ಶಕ್ತಿ, ಮನಸ್ಸು ಎಲ್ಲದಕ್ಕೂ ಇದರ ಪೆಟ್ಟು ಬೀಳುತ್ತದೆ, ಗಂಡಸರೂ ಇದಕ್ಕೆ ಹೊರತಲ್ಲ ಎಂದು ‘ರೆಡ್-ಎಸ್’ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂಬ ಹೆಸರು ಕೊಟ್ಟರು. ಪತ್ರ ಓದಿಯೇ ನಿಮಗಿರುವುದು ಇದೇ ಎಂದು ನಾನು ಷರಾ ಬರೆಯುವಂತಿಲ್ಲ, ಅದು ವೈದ್ಯರ ಕೆಲಸ. ಆದರೆ ‘ನನ್ನಲ್ಲಿ ಛಲ ಸಾಲದು’ ಎಂದು ನಿಮಗೆ ನೀವೇ ಕೊಟ್ಟುಕೊಂಡ ಷರಾವನ್ನಂತೂ ನಾನು ಒಪ್ಪುವುದಿಲ್ಲ.

ತೂಕ ಇಳಿಸಿ ಎಂದ ಆ ಗುಂಪಿನ ಮಾತನ್ನು ಸ್ವಲ್ಪ ಕಾಲ ಕಿವಿಗೆ ಹಾಕಿಕೊಳ್ಳಬೇಡಿ. ರಾತ್ರಿಯ ಅನ್ನ ಬಟ್ಟಲಿಗೆ ಮರಳಲಿ. ಮುಂದೆ ಓಡಲು ಅನುಮತಿ ಸಿಕ್ಕಾಗ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಒಂದು ಬಾಳೆಹಣ್ಣೋ ಒಂದು ಹಿಡಿ ಬೆಲ್ಲದ ಅವಲಕ್ಕಿಯೋ ಸಾಕು. ಓಡಿ ಬಂದ ಕೂಡಲೇ ಕುಚ್ಚಲಕ್ಕಿ ಗಂಜಿ, ಜೊತೆಗೆ ಹುರುಳಿ ಸಾರೋ ಹೆಸರುಕಾಳಿನ ಪಲ್ಯವೋ. ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆ. ದುಬಾರಿ ಡಬ್ಬಿಗಳ ಪುಡಿಗೆ ಹಣ ಸುರಿಯುವ ಮೊದಲು ಮಲ್ಪೆಯ ಬಂದರಿನತ್ತ ಒಮ್ಮೆ ಹೋಗಿ ಬನ್ನಿ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಮೊದಲನೆಯದು ಸರಿಯಿದ್ದರೂ ಕಬ್ಬಿಣದ ದಾಸ್ತಾನು ತಳ ಹಿಡಿದಿರಬಹುದು. ಮುಟ್ಟಾಗುವ, ಬೆವರುವ, ದೂರ ಓಡುವ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಊಟದೊಟ್ಟಿಗೆ ಚಹಾ ಕುಡಿದರೆ ಸೊಪ್ಪು, ಕಾಳುಗಳ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹರಿವೆ ಪಲ್ಯಕ್ಕೆ ಲಿಂಬೆ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ಮಾತ್ರ ನುಂಗಬೇಡಿ.

ವೇಗ ಇಳಿದದ್ದರಲ್ಲಿ ಸ್ವಲ್ಪ ಪಾಲು ನಮ್ಮ ಊರಿನ ಗಾಳಿಯದೂ ಇದೆ. ನಿಮ್ಮ 2 ಗಂಟೆ 6 ನಿಮಿಷ ಬಂದದ್ದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನ ತಂಪಿನಲ್ಲಿ. ಅದೇ ವೇಗವನ್ನು ಮೇ ತಿಂಗಳ ಪಡುಕೆರೆಯಲ್ಲಿ ಕೈಗಡಿಯಾರ ನೋಡಿಕೊಂಡು ಹುಡುಕಿದಿರಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಆ ಸಪೂರ ರಸ್ತೆ. ಬೆಳಗಿನ ಐದೂವರೆಗೇ ಅಲ್ಲಿ ಗಾಳಿಯೆಂಬುದು ಒದ್ದೆ ಬಟ್ಟೆಯ ಹಾಗೆ ಮೈಗಂಟುತ್ತದೆ, ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ತಂಪಾಗಬೇಕಾದರೆ ಅದು ಆರಬೇಕು. ಆರದಿದ್ದಾಗ ಹೃದಯ ಕಾಲಿಗೂ ರಕ್ತ ಕಳಿಸಬೇಕು, ಬಿಸಿ ಹೊರಹಾಕಲು ಚರ್ಮಕ್ಕೂ ಕಳಿಸಬೇಕು. ಅದೇ ವೇಗಕ್ಕೆ ಹೆಚ್ಚು ಬೆಲೆ ತೆರುತ್ತೀರಿ. ಆದ್ದರಿಂದ ಕರಾವಳಿಯಲ್ಲಿ ದಿನನಿತ್ಯದ ಓಟಕ್ಕೆ ಗಡಿಯಾರಕ್ಕಿಂತ ಉಸಿರೇ ಒಳ್ಳೆಯ ಅಳತೆ. ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯ ಆಡಲು ಆಗಬೇಕು. ವಾರದ ಹೆಚ್ಚಿನ ಓಟಗಳು ಹೀಗೆಯೇ ಇರಬೇಕು. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಅದನ್ನೇ ನೆಚ್ಚಿಕೊಳ್ಳುವ ಬದಲು ಉಪ್ಪು ಹಾಕಿದ ಗಂಜಿ ತಿಳಿ ಕುಡಿಯಿರಿ. ನಮ್ಮ ಗದ್ದೆ ಕೆಲಸದ ಹೆಂಗಸರು ಮಿಡಿ ಉಪ್ಪಿನಕಾಯಿ ಕಚ್ಚಿಕೊಂಡು ಕುಡಿಯುತ್ತಿದ್ದದ್ದು ಅದನ್ನೇ.

ಮುಟ್ಟು ಮರಳಿದ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂದೀತು. ಅಂಡೋತ್ಪತ್ತಿಯಿಂದ ಮುಟ್ಟಿನವರೆಗಿನ ಎರಡು ವಾರ ಮೈಯ ಒಳಗಿನ ಬಿಸಿ 0.3ರಿಂದ 0.5 ಡಿಗ್ರಿಯಷ್ಟು ಹೆಚ್ಚಿರುತ್ತದೆ. ಸೆಕೆಯ ದಿನಗಳಲ್ಲಿ ಅದು ಓಟದಲ್ಲಿ ಗೊತ್ತಾಗಬಹುದು. ಹಾಗೆಂದು ಮೊಬೈಲಿನ ಆಪ್ ಹೇಳಿದಂತೆ ತಿಂಗಳನ್ನು ನಾಲ್ಕು ಹೋಳು ಮಾಡಿ ಓಡಬೇಕಾಗಿಲ್ಲ. ಆ ಬಗೆಯ ವೇಳಾಪಟ್ಟಿಗಳಿಗೆ ಗಟ್ಟಿ ಆಧಾರವಿಲ್ಲ. ನಿಮ್ಮ ಮೈ ಹೇಗಿತ್ತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು.

ಇನ್ನು ಮನೆಯ ವಿಚಾರ. ‘ಬೇಗ ಎದ್ದು ಎಲ್ಲ ಮುಗಿಸಿಯೇ ಓಡಲು ಹೋಗುತ್ತೇನೆ, ಮನೆಯಲ್ಲಿ ಯಾರಿಗೂ ತೊಂದರೆ ಕೊಡುವುದಿಲ್ಲ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಎಲ್ಲ ಅಂದರೆ ಏನೆಂದು ನೀವೇ ಬರೆದಿದ್ದೀರಿ: ನಾಲ್ಕಕ್ಕೆ ಏಳುವುದು, ರಾತ್ರಿಯೇ ರುಬ್ಬಿಟ್ಟ ಹಿಟ್ಟಿನ ತಿಂಡಿ, ಮೂರು ಡಬ್ಬಿ, ಅತ್ತೆಯವರ ಮಾತ್ರೆ, ಮಗನ ಸಮವಸ್ತ್ರಕ್ಕೆ ಇಸ್ತ್ರಿ. ಮಲಗುವುದು ಹನ್ನೊಂದಕ್ಕೆ. ಐದು ಗಂಟೆ ನಿದ್ದೆ ಮಾಡಿ ಮ್ಯಾರಥಾನಿಗೆ ತಯಾರಾಗುವವರಿಗೆ ಹುಮ್ಮಸ್ಸಿನ ಭಾಷಣ ಕೊಡುವುದು ಕ್ರೌರ್ಯ. ನಿಮ್ಮ ಗುಂಪಿನ ಗಂಡಸರು ಐದಕ್ಕೆ ಎದ್ದು ಐದೂಕಾಲಕ್ಕೆ ಪಡುಕೆರೆ ಸೇತುವೆಯ ಮೇಲೆ ಹಾಜರಿರುತ್ತಾರಲ್ಲ, ಅವರ ಉತ್ಸಾಹದ ಒಂದು ಪಾಲು ಅವರ ಮನೆಯ ಅಡುಗೆಕೋಣೆಯಲ್ಲಿ ಇನ್ನೊಬ್ಬರ ದುಡಿಮೆಯಿಂದ ತಯಾರಾಗುತ್ತದೆ. ನಿಮ್ಮವರು ‘ತುಂಬ ಪ್ರೋತ್ಸಾಹ ಕೊಡುತ್ತಾರೆ’ ಎಂದಿದ್ದೀರಿ, ಸಂತೋಷ. ಪ್ರೋತ್ಸಾಹವನ್ನು ದೋಸೆ ಕಾವಲಿಯ ಬಳಿಗೆ ಕರೆಯಿರಿ. ವಾರದಲ್ಲಿ ಮೂರು ಬೆಳಿಗ್ಗೆ ತಿಂಡಿ, ಡಬ್ಬಿ ಅವರದು. ದೋಸೆ ಮೊದಮೊದಲು ಹರಿಯುತ್ತದೆ, ಹರಿಯಲಿ. ನಿಮಗೆ ಏಳು ಗಂಟೆ ನಿದ್ದೆ ಸಿಗಬೇಕು.

ಅತ್ತೆಯವರ ಎರಡು ಮಾತಿನಲ್ಲಿ ಮೊದಲನೆಯದು ತಪ್ಪು. ಓಡಿದ್ದರಿಂದ ಗರ್ಭಕೋಶ ಜಾರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹಾಗೆಂದು ಅವರನ್ನು ಗೇಲಿ ಮಾಡಬೇಡಿ. ಇಂಥದ್ದನ್ನು ನಂಬಿದವರಲ್ಲಿ ಭಾರಿ ಭಾರಿ ಪದವಿಯವರೂ ಇದ್ದರು. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ದಣಿದರೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು, ಆ ಓಟ ಮತ್ತೆ ಒಲಿಂಪಿಕ್ಸ್‌ಗೆ ಬಂದದ್ದು 1960ರಲ್ಲಿ. 1966ರಲ್ಲಿ ಬಾಬಿ ಗಿಬ್ ಬೋಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿದಾಗ ಹೆಂಗಸರ ಶರೀರಕ್ಕೆ ಅದು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಆಕೆ ಪೊದೆಯ ಮರೆಯಲ್ಲಿ ಕಾದಿದ್ದು ಓಟ ಸೇರಿಕೊಂಡು ಮುಗಿಸಿಯೇ ಬಿಟ್ಟಳು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ಆಗ ನಿಮ್ಮ ಅತ್ತೆಯವರು ತರುಣಿಯಾಗಿದ್ದಿರಬೇಕು. ಅವರ ಎರಡನೆಯ ಮಾತು, ‘ಹೊಟ್ಟೆ ತುಂಬ ಉಣ್ಣು’, ಅಕ್ಷರಶಃ ಸರಿ. ನಿಮ್ಮ ಗುಂಪಿನವರಿಗಿಂತ ಒಳ್ಳೆಯ ಸಲಹೆ ಕೊಟ್ಟವರು ಅವರೇ.

ಗೋಡೆಗೆ ಅಂಟಿಸಲು ಯಾರದಾದರೂ ಚಿತ್ರ ಬೇಕೆಂದು ಕೇಳಿದ್ದೀರಿ. ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ ನಮ್ಮ ಹೆಮ್ಮೆ, ಆದರೆ ಅವರು ಹೆಸರಾದದ್ದು 400 ಮೀಟರಿನಲ್ಲಿ. ನಿಮ್ಮ ದೂರಕ್ಕೆ ನಾನು ಬ್ರಿಟನ್ನಿನ ಜಾಸ್ಮಿನ್ ಪ್ಯಾರಿಸ್ ಹೆಸರು ಹೇಳುತ್ತೇನೆ. 2019ರ ಜನವರಿಯಲ್ಲಿ 268 ಮೈಲಿಯ ಸ್ಪೈನ್ ರೇಸನ್ನು ಗಂಡಸರನ್ನೆಲ್ಲ ಹಿಂದೆ ಹಾಕಿ 83 ಗಂಟೆಯ ಚಿಲ್ಲರೆಯಲ್ಲಿ ಗೆದ್ದವರು. ಮನೆಯಲ್ಲಿ ಮೊಲೆಯುಣ್ಣುವ ಮಗು. ತಂಗುದಾಣಗಳಲ್ಲಿ ನಿಂತು ಹಾಲು ತೆಗೆದಿಟ್ಟು ಮುಂದೆ ಓಡುತ್ತಿದ್ದರು. ಹಾಲು ಬತ್ತದಂತೆ ಉಂಡ ಮೈ ಅದು. ಚಿತ್ರ ಅಂಟಿಸುವುದಾದರೆ ಅದನ್ನು ನೆನಪಿಟ್ಟು ಅಂಟಿಸಿ.

ಈ ವರ್ಷದ 42 ಕಿಲೋಮೀಟರನ್ನು ಕೈಬಿಡಿ. ನೋಂದಣಿಯ ಹಣ ಹೋದರೆ ಹೋಯಿತು. ಕಾಲು ವಾಸಿಯಾಗುವವರೆಗೆ, ವೈದ್ಯರು ಒಪ್ಪಿದರೆ, ಈಜಿ. ಹೊಟ್ಟೆ, ಸೊಂಟ, ತೊಡೆಯ ಬಲಕ್ಕೆ ವಾರಕ್ಕೆರಡು ದಿನ ವ್ಯಾಯಾಮ ಮಾಡಿ. ಮರಳಿ ಓಡುವಾಗ ಅಜ್ಜರಕಾಡಿನ ಟ್ರ್ಯಾಕಿನಲ್ಲಿ ನಡಿಗೆಯೊಂದಿಗೆ ಬೆರೆಸಿ ಆರಂಭಿಸಿ. ಮೊದಲ ಸ್ಪರ್ಧೆ 10 ಕಿಲೋಮೀಟರಿನದಾಗಿರಲಿ, ಮಳೆ ಕಳೆದು ಚಳಿ ಬಂದ ಮೇಲೆ, ಕೈಗಡಿಯಾರ ಮನೆಯಲ್ಲಿಟ್ಟು. ಅರ್ಧ ಮ್ಯಾರಥಾನಿಗೆ ಮರಳಿದಾಗ ದಾರಿಯಲ್ಲಿ ತಿನ್ನುವುದನ್ನೂ ಅಭ್ಯಾಸ ಮಾಡಿ, ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೊಹೈಡ್ರೇಟ್). ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಇಷ್ಟೆಲ್ಲ ಆದ ಮೇಲೂ, ಹೊಟ್ಟೆ ತುಂಬಿ, ನಿದ್ದೆ ತುಂಬಿ, ಮುಟ್ಟು ಮರಳಿ, ಎಲುಬು ಕೂಡಿದ ಮೇಲೂ ಬೆಳಗಿನ ಅಲಾರಾಂಗೆ ಅಳು ಬರುವುದಾದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಓಡುವುದೇ ಬೇಡವೆನಿಸಿದರೆ ಬಿಟ್ಟುಬಿಡುವ ಹಕ್ಕೂ ನಿಮ್ಮದೇ.

ವರದಿಗಳು ಬಂದ ಮೇಲೆ ಮತ್ತೆ ಬರೆಯಿರಿ. ಫೆರಿಟಿನ್ ಎಷ್ಟಿತ್ತು, ಕಾಲಿನ ಸ್ಕ್ಯಾನಿನಲ್ಲಿ ಏನು ಬಂತು ಎಂಬುದು ಈ ಸಲ ಪತ್ರದ ಮೊದಲ ಸಾಲಿನಲ್ಲೇ ಇರಲಿ.

— ಸಂಪಾದಕಿ