ಗಾಡಿ ಪ್ರಶ್ನೆ: ಹೌಸಿಂಗ್ ಬಿಚ್ಚುವ ಮೊದಲು ಶಾಫ್ಟ್ ನೋಡಿ

ಪ್ರಶ್ನೆ: ನನ್ನದು ಹಿಂದಿನ ಚಕ್ರ ಎಳೆಯುವ ಡೀಸೆಲ್ ಪಿಕಪ್. ಕೋಲಾರ ಎಪಿಎಂಸಿಗೆ 90 ಬಾಕ್ಸ್ ಟೊಮೆಟೊ ಹಾಕಿಕೊಂಡು ಹೋಗುತ್ತೇನೆ. ಆಕ್ಸಿಲರೇಟರ್ ಒತ್ತಿದರೆ ಸೀಟಿನ ಕೆಳಗೆ ಗುರ್ ಎಂದು ಸದ್ದು, ಜೊತೆಗೆ ನಡುಕ. ಕಾಲು ತೆಗೆದರೆ ಕಡಿಮೆ. ಖಾಲಿ ಗಾಡಿಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಗ್ಯಾರೇಜಿನವರು ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬ) ಬಿಚ್ಚಿ ಕ್ರೌನ್-ಪಿನಿಯನ್ (ಅದರೊಳಗಿನ ಜೋಡಿ ಹಲ್ಲುಚಕ್ರ) ಹಾಕಬೇಕು ಎನ್ನುತ್ತಾರೆ. ಕಳೆದ ತಿಂಗಳಷ್ಟೇ ಕ್ಲಚ್ ಪ್ಲೇಟ್ ಹಾಕಿಸಿದೆ, ಈಗ ಮತ್ತೆ ಖರ್ಚು. ಏನು ಮಾಡಲಿ?
- ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಕ್ಲಚ್ ಪ್ಲೇಟಿನ ಮಾತನ್ನು ನೀವು ಖರ್ಚಿನ ಬೇಜಾರಿಗೆ ಬರೆದಿದ್ದೀರಿ. ನನಗೆ ಬೇಕಾಗಿದ್ದು ಅದೇ ಸಾಲು. ಈ ಸದ್ದು ಕ್ಲಚ್ ಕೆಲಸಕ್ಕೆ ಮುಂಚೆ ಇತ್ತಾ, ಆಮೇಲೆ ಶುರುವಾಯಿತಾ? ಮೊದಲು ಅದನ್ನು ನೆನಪು ಮಾಡಿಕೊಳ್ಳಿ.

ಕ್ಲಚ್ ಹಾಕಲು ಗೇರ್ ಬಾಕ್ಸ್ ಇಳಿಸಬೇಕು. ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಉದ್ದ ಕೊಳವೆ) ಬಿಚ್ಚಬೇಕು. ಬಿಚ್ಚುವ ಮೊದಲು ಶಾಫ್ಟಿನ ಒಂದರೊಳಗೊಂದು ಕೂರುವ ಎರಡೂ ತುಂಡಿನ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೀಟು ಎಳೆದುಕೊಳ್ಳುವುದು ಪದ್ಧತಿ. ಎಳೆಯದಿದ್ದರೆ ಜೋಡಿಸುವಾಗ ಸ್ಪ್ಲೈನ್ (ಆ ತುಂಡುಗಳ ಹಲ್ಲಿನ ಜೋಡಣೆ) ಒಂದೆರಡು ಹಲ್ಲು ಆಚೀಚೆ ಕೂರಬಹುದು. ಆಗ ಎರಡು ತುದಿಯ ಕವಲುಗಳಾದ ಯೋಕ್‌ಗಳ ಕಿವಿ ಒಂದೇ ಸಾಲಿಗೆ ಬರುವುದಿಲ್ಲ. ಕ್ರಾಸ್ ಜಾಯಿಂಟ್ (ಯೋಕ್‌ಗಳನ್ನು ಕೂಡಿಸುವ ಕೀಲು) ಓರೆಯಾಗಿ ತಿರುಗುವಾಗ ಅದರ ವೇಗ ಒಂದೇ ಸಮ ಇರುವುದಿಲ್ಲ, ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಮುಂದಿನ ಜಾಯಿಂಟಿನ ಏರಿಳಿತವನ್ನು ಹಿಂದಿನದು ಸರಿದೂಗಿಸಬೇಕು. ಕಿವಿ ತಪ್ಪಿದರೆ ಅದು ಆಗುವುದಿಲ್ಲ, ನಡುಕ ಸೀಟಿಗೆ ಬರುತ್ತದೆ.

ಲೋಡಿನಲ್ಲೇ ಯಾಕೆ? ಬಾಕ್ಸಿಗೆ 15 ಕೆಜಿ ಎಂದರೂ 90 ಬಾಕ್ಸಿಗೆ 1350 ಕೆಜಿ. (ಇದು ನಿಮ್ಮ ಆರ್‌ಸಿಗೆ ಒಪ್ಪುತ್ತದೆಯೇ ಎಂದು ನಾನು ಕೇಳಲು ಹೋಗುವುದಿಲ್ಲ.) ಸ್ಪ್ರಿಂಗ್ ಪಟ್ಟಿ ಕುಗ್ಗಿ ಚಾಸಿ ಕೆಳಗೆ ಬರುತ್ತದೆ, ಶಾಫ್ಟಿನ ಓರೆ ಬದಲಾಗುತ್ತದೆ. ಮೇಲಿಂದ ನೀವು ಆಕ್ಸಿಲರೇಟರ್ ಒತ್ತುತ್ತೀರಿ. ಖಾಲಿಯಲ್ಲಿ ಸುಮ್ನೆ ಇದ್ದ ತಪ್ಪು ಆಗ ಬಾಯಿಬಿಡುತ್ತದೆ.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಕೈಯಿಂದ ಹಿಡಿದು ತಿರುವಿ, ಮೇಲೆ ಕೆಳಗೆ ಅಲುಗಾಡಿಸಿ. ಕ್ರಾಸಿನ ಬೇರಿಂಗ್ ಕಪ್‌ನಲ್ಲಿ ಪ್ಲೇ (ಸಡಿಲ) ಕಂಡರೆ, ಸುತ್ತ ತುಕ್ಕಿನ ಪುಡಿ ಇದ್ದರೆ ಕ್ರಾಸ್ ಹೋಗಿದೆ. ನಿಮ್ಮದು ಎರಡು ತುಂಡಿನ ಶಾಫ್ಟ್ ಆಗಿದ್ದರೆ ನಡುವಿನ ಸೆಂಟರ್ ಬೇರಿಂಗಿನ ರಬ್ಬರ್ ಜಾಸ್ತಿ ಗಮನಿಸಿ. ರಬ್ಬರ್ ಹರಿದಿದ್ದರೆ ನಿಂತಲ್ಲಿಂದ ಲೋಡ್ ಎತ್ತುವಾಗ ಇದೇ ಥರ ನಡುಗುತ್ತದೆ. ಕೊನೆಗೆ ಯೋಕ್‌ಗಳ ಕಿವಿ ಒಂದೇ ಸಾಲಿನಲ್ಲಿವೆಯೇ ನೋಡಿ. ಎಲ್ಲಕ್ಕೂ ಅರ್ಧ ಗಂಟೆ ಸಾಕು.

ಗ್ಯಾರೇಜಿನವರ ಮಾತನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಕ್ರೌನ್-ಪಿನಿಯನ್ ಸವೆದರೂ ಕಾಲು ಒತ್ತಿದಾಗ ಸದ್ದು ಬರುತ್ತದೆ. ಆದರೆ ಅದು ಹಿಂದಿನಿಂದ ಕೇಳುವ ಗುಂಯ್ ಎಂಬ ಸಣ್ಣ ರಾಗ. ಸಾಮಾನ್ಯವಾಗಿ ಒಂದು ವೇಗದಲ್ಲಿ ಎದ್ದು ಇನ್ನೊಂದರಲ್ಲಿ ಅಡಗುತ್ತದೆ, ಸೀಟು ನಡುಗಿಸುವುದಿಲ್ಲ. ಅನುಮಾನವಿದ್ದರೆ ಹೌಸಿಂಗಿನ ಆಯಿಲ್ ತೆಗೆಸಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಕಪ್ಪು ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ. ಕಬ್ಬಿಣದ ಚೂರು ಸಿಕ್ಕರೆ ಬಿಚ್ಚಲೇಬೇಕು. ಆಗ ಕ್ರೌನ್, ಪಿನಿಯನ್ ಎರಡನ್ನೂ ಸೆಟ್ಟಾಗಿಯೇ ಹಾಕಿಸಿ. ಒಂದನ್ನು ಮಾತ್ರ ಬದಲಿಸುತ್ತೇನೆ ಎನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಇನ್ನೊಂದು ಪರೀಕ್ಷೆ. 50ರಲ್ಲಿ ಮೂರನೇ ಗೇರಿನಲ್ಲಿ ಓಡಿಸಿ, ಅದೇ 50ರಲ್ಲಿ ನಾಲ್ಕನೆಯದಕ್ಕೆ ಹಾಕಿ. ಎಂಜಿನ್ ಸುತ್ತು ಇಳಿದರೂ ಗುರ್‌ಗುಟ್ಟುವ ಲಯ ಬದಲಾಗದಿದ್ದರೆ ತೊಂದರೆ ಗೇರ್ ಬಾಕ್ಸಿನ ಹಿಂದಿದೆ, ಅಂದರೆ ಶಾಫ್ಟಿನಿಂದ ಚಕ್ರದವರೆಗೆ. ಲಯವೂ ಇಳಿದರೆ ಎಂಜಿನ್, ಕ್ಲಚ್ ಕಡೆ ಹುಡುಕಿ.

ಪ್ರಶ್ನೆ: ಮುಂದಿನ ಚಕ್ರ ಎಳೆಯುವ ಹಳೆಯ ಕಾರು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎತ್ತಿದರೆ ಟಕ್ ಟಕ್ ಎನ್ನುತ್ತದೆ. ನೇರ ರಸ್ತೆಯಲ್ಲಿ ಇಲ್ಲ.
- ಓದುಗರು, ಮುಳಬಾಗಿಲು

ಉತ್ತರ: ಚಕ್ರದ ಕಡೆಯ ಸಿವಿ ಜಾಯಿಂಟ್ (ಮುಂದಿನ ಚಕ್ರ ತಿರುಗಿಸುವ ಶಾಫ್ಟಿನ ತುದಿಯ ಕೀಲು) ಅನ್ನಬಹುದು. ಚಕ್ರದ ಹಿಂದೆ ಕಪ್ಪು ರಬ್ಬರ್ ಬೂಟ್ ಇರುತ್ತದೆ ಅಲ್ವಾ, ಅದು ಹರಿದು ಸುತ್ತ ಗ್ರೀಸ್ ಚಿಮ್ಮಿದೆಯೇ ನೋಡಿ. ಹರಿದ ಬೂಟಿನೊಳಗೆ ಧೂಳು ಹೋಗಿ ಗುಂಡುಗಳು ಸವೆಯುತ್ತವೆ. ಸದ್ದು ಶುರುವಾದ ಮೇಲೆ ಬರೀ ಬೂಟ್ ಹಾಕಿಸಿದರೆ ದುಡ್ಡು ದಂಡ, ಜಾಯಿಂಟನ್ನೇ ಬದಲಿಸಿ. ಇನ್ನೊಂದು ಚಕ್ರದ ಕಡೆಯ ಬೂಟ್ ಇನ್ನೂ ಗಟ್ಟಿಯಿದ್ದರೆ ಅದರ ತಂಟೆಗೆ ಹೋಗಬೇಡಿ.