ಬೆಂಗಳೂರಿಗೆ ಬಂದ ಮೇಲೆ ಮುಖ ಒಣಗುತ್ತಿದೆ, ಮೊಡವೆಯೂ ಬಂದಿದೆ. ಮನೆಮದ್ದಿನಲ್ಲೇ ಸರಿಪಡಿಸಿಕೊಳ್ಳಬಹುದೇ?

ದಾವಣಗೆರೆಯಿಂದ ಕೆಲಸಕ್ಕೆಂದು ಬಂದು ಎಂಟು ತಿಂಗಳಾಯಿತು, ವೈಟ್‌ಫೀಲ್ಡಿನ ಪಿ.ಜಿ.ಯಲ್ಲಿದ್ದೇನೆ, ಊರಿನಲ್ಲಿ ಇಲ್ಲದ ಒಣಚರ್ಮ ಕೆನ್ನೆಯ ಮೇಲೂ ಮೊಡವೆ ಹಣೆಯ ಮೇಲೂ ಈಗ ಶುರುವಾಗಿದೆ, ಕ್ರೀಮುಗಳಿಗೆ ದುಡ್ಡು ಸುರಿದು ಸಾಕಾಗಿದೆ, ಗೆಳತಿ ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಹಚ್ಚಲು ಹೇಳಿದ್ದಾಳೆ, ಹಚ್ಚಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಚ್ಚಬೇಡಿ. ನಾನು ವೈದ್ಯಳಲ್ಲ, ಆದರೆ ಮೂವತ್ತು ವರ್ಷಗಳಿಂದ ಇದೇ ಊರಿನ ನೀರು ಬಿಸಿಲುಗಳಲ್ಲಿ ಮನೆಯ ವಸ್ತುಗಳಿಂದಲೇ ಮುಖವನ್ನು ನೋಡಿಕೊಂಡು ಬಂದಿದ್ದೇನೆ, ಮತ್ತು ನಿಂಬೆ ಏನು ಮಾಡುತ್ತದೆ ಎಂಬುದನ್ನು ನನ್ನ ಮೈಮೇಲೆಯೇ ಕಂಡಿದ್ದೇನೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಬಸವನಗುಡಿಯ ಮನೆಯ ತಾರಸಿಯಲ್ಲಿ ಹಪ್ಪಳ ಒಣಹಾಕಲು ಹೋಗುವ ಮುಂಚೆ ಅರ್ಧ ಹೋಳು ನಿಂಬೆಯನ್ನು ಮುಖಕ್ಕೆ ತಿಕ್ಕಿಕೊಂಡೆ. ರಸ ದವಡೆಯಿಂದ ಕತ್ತಿಗೆ ಒಂದೇ ಎಳೆಯಾಗಿ ಇಳಿಯಿತು, ನಾನು ಒರೆಸಿಕೊಳ್ಳಲಿಲ್ಲ. ಮರುದಿನ ಸಂಜೆ ಅಲ್ಲಿ ಉರಿ ಎದ್ದಿತು. ಮೂರನೆಯ ದಿನದ ಹೊತ್ತಿಗೆ ಆ ಎಳೆಯ ಆಕಾರದಲ್ಲೇ ಕಂದು ಗೆರೆ ಮೂಡಿ, ಹನಿ ನಿಂತಿದ್ದ ತುದಿಯಲ್ಲಿ ಕಾಸಿನಗಲದ ಕಲೆ ಉಳಿಯಿತು. ಅದು ಪೂರ್ತಿ ಮಾಸುವಷ್ಟರಲ್ಲಿ ದಸರೆ ಬಂದಿತ್ತು. ನಿಂಬೆಯ ಸಿಪ್ಪೆಯಲ್ಲಿ ಹೆಚ್ಚಾಗಿಯೂ ರಸದಲ್ಲಿ ಸ್ವಲ್ಪವಾಗಿಯೂ ಇರುವ ಫ್ಯೂರನೊಕೂಮರಿನ್ ಎಂಬ ರಾಸಾಯನಿಕಗಳು, ಬಿಸಿಲಿನಲ್ಲಿರುವ ಯುವಿ-ಎ ಎಂಬ ಅತಿನೇರಳೆ ಕಿರಣ ತಗುಲಿದೊಡನೆ ಚರ್ಮದ ಜೀವಕೋಶಗಳನ್ನು ಸುಟ್ಟಂತೆ ಹಾಳುಮಾಡುತ್ತವೆ ಎಂದು ಚರ್ಮವೈದ್ಯರು ಆಮೇಲೆ ತಿಳಿಸಿದರು. ಆಮ್ಲ ಕ್ಷಾರಗಳನ್ನು ಅಳೆಯುವುದು ಪಿಎಚ್ ಎಂಬ ಅಳತೆಯಿಂದ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು 2ರ ಆಸುಪಾಸು. ಈ ಅಳತೆಯಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸವಿರುವುದರಿಂದ ನಿಂಬೆ ಚರ್ಮಕ್ಕಿಂತ ಸಾವಿರ ಪಟ್ಟು ಆಮ್ಲೀಯ. ಅಡುಗೆ ಸೋಡಾ ಅದಕ್ಕೆ ತದ್ವಿರುದ್ಧವಾಗಿ 8ಕ್ಕಿಂತ ಮೇಲಿನ ಕ್ಷಾರ. ಎರಡೂ ಚರ್ಮದ ಮೇಲ್ಪದರವನ್ನು ಕೆಡಿಸುತ್ತವೆ.

ಇನ್ನು ನಿಮ್ಮ ಒಣಚರ್ಮದ ವಿಷಯ. ಹೊಳೆಯ ನೀರಿನಲ್ಲಿ ಮುಖ ತೊಳೆದು ಬೆಳೆದವರು ನೀವು, ಈಗ ಬಳಸುತ್ತಿರುವುದು ಬಹುಶಃ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಸ್ನಾನದ ಬಕೆಟ್ಟಿನ ಒಳಬದಿಯಲ್ಲಿ ಬಿಳಿಯ ಪದರ ಕಟ್ಟಿದ್ದರೆ, ಎಷ್ಟು ಉಜ್ಜಿದರೂ ಸೋಪು ನೊರೆ ಬಿಡದಿದ್ದರೆ ಅದು ಗಡಸು ನೀರೇ ಎಂದು ತಿಳಿಯಿರಿ. ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಗಸಿಯಾಗುತ್ತವೆ, ಆ ಗಸಿ ಮುಖಕ್ಕೆ ಅಂಟಿ ಉಳಿದು ಚರ್ಮವನ್ನು ಬಿಗಿಯುತ್ತದೆ. ಸಾಮಾನ್ಯ ಸೋಪಿನ ಪಿಎಚ್ ಬೇರೆ 9ರಿಂದ 10. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಇಲ್ಲಿನ ಒಣಗಾಳಿಯೂ ಇದಕ್ಕೆ ಸೇರಿಕೊಂಡರೆ ಕೆನ್ನೆ ಬಿರಿಯದೆ ಏನು ಮಾಡೀತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬಂತೆ, ನೀರಿನ ದೋಷಕ್ಕೆ ನಾವು ಮುಖಕ್ಕೆ ಮದ್ದು ಬಳಿಯುತ್ತೇವೆ. ಆದ್ದರಿಂದ ಮೊದಲ ಬದಲಾವಣೆ ಇಷ್ಟೇ: ಮುಖಕ್ಕೆ ಸೋಪು ನಿಲ್ಲಿಸಿ, ಗೀಸರಿನ ಸುಡುನೀರನ್ನು ಬಿಡಿ, ಕೊನೆಯ ಬಾರಿ ತೊಳೆಯುವುದನ್ನು ಕುಡಿಯುವ ನೀರಿನಲ್ಲಿ ಮಾಡಿ. ಪಿ.ಜಿ.ಯ ಫಿಲ್ಟರಿನಿಂದ ಒಂದು ಬಾಟಲಿ ಹಿಡಿದಿಟ್ಟುಕೊಂಡರೆ ಎರಡು ಹೊತ್ತಿಗೆ ಸಾಕಾಗುತ್ತದೆ.

ಸೋಪಿನ ಬದಲಿಗೆ ಹೆಸರುಹಿಟ್ಟು ಬಳಸಿ. ಹಸುಗೂಸುಗಳ ಎಣ್ಣೆಸ್ನಾನಕ್ಕೆ ನಮ್ಮ ಮನೆಗಳಲ್ಲಿ ಬಳಸುತ್ತಿದ್ದದ್ದೂ ಇದನ್ನೇ. ಹೆಸರುಬೇಳೆಯನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ನುಣ್ಣಗೆ ಬೀಸಿ, ತೆಳು ಪಂಚೆಯ ತುಂಡಿನಲ್ಲಿ ವಸ್ತ್ರಗಾಳಿತ ಮಾಡಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದಾಗ ಒಂದೇ ಒಂದು ತರಿ ಸಿಕ್ಕಿದರೂ ಇನ್ನೊಮ್ಮೆ ಸೋಸಿ, ಏಕೆಂದರೆ ತರಿ ಚರ್ಮವನ್ನು ಗೀರುತ್ತದೆ. ಅಮ್ಮ ಊರಿನಲ್ಲಿ ಬೀಸಿ ಕಳಿಸಿದರೆ ಒಳ್ಳೆಯದು, ಇಲ್ಲವಾದರೆ ಗಾಂಧಿ ಬಜಾರಿನ ಕಡೆಯ ಗ್ರಂಧಿಗೆ ಅಂಗಡಿಗಳಲ್ಲಿ ವಿಚಾರಿಸಿ. ಒಂದು ಚಮಚ ಹಿಟ್ಟನ್ನು ನೀರಿನಲ್ಲಿ ಕಲಸಿ, ಉಜ್ಜದೆ ತಟ್ಟಿದಂತೆ ಹಚ್ಚಿ ತೊಳೆಯಿರಿ. ಬೇಳೆಕಾಳುಗಳಲ್ಲಿರುವ ಸಪೋನಿನ್ ಸಣ್ಣಗೆ ನೊರೆ ಬಿಟ್ಟು ಜಿಡ್ಡನ್ನು ತೆಗೆಯುತ್ತದೆ. ಕಡಲೆಹಿಟ್ಟಾಗಲಿ ಮುಲ್ತಾನಿ ಮಿಟ್ಟಿಯಾಗಲಿ ಜಿಡ್ಡನ್ನು ಇನ್ನೂ ಹೆಚ್ಚಾಗಿ ಹೀರುವುದರಿಂದ ನಿಮ್ಮ ಕೆನ್ನೆಗೆ ಅವು ಆಗಿಬರುವುದಿಲ್ಲ. ವಾರಕ್ಕೊಮ್ಮೆ ನೀರಿನ ಬದಲು ಗಟ್ಟಿ ಮೊಸರಿನಲ್ಲಿ ಕಲಸಿಕೊಳ್ಳಬಹುದು. ಮೊಸರಿನ ಲ್ಯಾಕ್ಟಿಕ್ ಆಮ್ಲ ಸತ್ತ ಪದರವನ್ನು ಮೆಲ್ಲಗೆ ಸಡಿಲಿಸುತ್ತದೆ. ಐದು ನಿಮಿಷ ಸಾಕು, ಮುಖದ ಮೇಲೆ ಒಣಗಿ ಬಿಗಿಯುವ ಮೊದಲೇ ತೊಳೆಯಿರಿ.

ಲೋಳೆಸರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಮಂದಿ ತಪ್ಪುವುದು ಇಲ್ಲಿಯೇ. ಗಿಡದ ಹೊರಸುತ್ತಿನ ಬಲಿತ ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ಕಡೆ ಕೆಳಗಾಗುವಂತೆ ಲೋಟದಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಸಿಪ್ಪೆಯ ಅಡಿಯಿಂದ ಹಳದಿ ರಸವೊಂದು ಇಳಿದು ಲೋಟದ ತಳದಲ್ಲಿ ನಿಲ್ಲುತ್ತದೆ, ಮೂಗಿಗೆ ಹಿಡಿದರೆ ಕಹಿವಾಸನೆ. ಲೋಳೆಸರ ಹಚ್ಚಿ ಮುಖ ತುರಿಸಿತು ಎನ್ನುವವರಲ್ಲಿ ಅನೇಕರಿಗೆ ಕಾರಣ ಈ ರಸವೇ. ಅದನ್ನು ಚೆಲ್ಲಿ, ಎಲೆಯನ್ನು ತೊಳೆದು, ಸಿಪ್ಪೆ ಹೆರೆದು, ಒಳಗಿನ ಗಾಜಿನಂಥ ಲೋಳೆಯನ್ನು ಮಾತ್ರ ತೆಗೆದುಕೊಳ್ಳಿ. ತೊಳೆದ ಮುಖ ಇನ್ನೂ ಒದ್ದೆಯಿರುವಾಗಲೇ ಇದನ್ನು ಸವರಿ, ಅದರ ಮೇಲೆ ಕೆನ್ನೆಗಳಿಗೆ ಮಾತ್ರ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ತೇವ ಆರಿಹೋಗುವುದಿಲ್ಲ. ಹಣೆಗೆ ಎಣ್ಣೆ ಬೇಡ, ಕೊಬ್ಬರಿ ಎಣ್ಣೆ ರೋಮರಂಧ್ರಗಳನ್ನು ಮುಚ್ಚಿ ಮೊಡವೆಯನ್ನು ಹೆಚ್ಚಿಸುತ್ತದೆ.

ಹಣೆಯ ಮೊಡವೆಗೆ ತಲೆಯನ್ನೂ ಗಮನಿಸಿ. ರಾತ್ರಿಯಿಡೀ ತಲೆಗೆ ಎಣ್ಣೆ ಬಿಟ್ಟು ಮಲಗುವುದು, ಒಗೆಯದ ದಿಂಬಿನ ಚೀಲ, ಬೆವರು ಹಿಡಿದ ಹೆಲ್ಮೆಟ್ಟಿನ ಒಳಬಟ್ಟೆ, ಇವೆಲ್ಲ ಹಣೆಯ ಮೇಲೆಯೇ ಕೆಲಸ ಮಾಡುತ್ತವೆ. ಎಣ್ಣೆಯನ್ನು ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿದರೆ ಸಾಕು. ಕೆಂಪಾದ ಮೊಡವೆಗೆ ಜೇನುತುಪ್ಪ ಹಚ್ಚುವವರಿದ್ದಾರೆ. ಕಾಲು ಗಂಟೆ ಇಟ್ಟು ತೊಳೆದರೆ ತೊಂದರೆಯಿಲ್ಲ, ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಟೂತ್‌ಪೇಸ್ಟನ್ನು ಮಾತ್ರ ಹತ್ತಿರ ಸುಳಿಯಗೊಡಬೇಡಿ. ಮೊಡವೆಗೆ ಅರಿಶಿನ ಹಚ್ಚುವುದಾದರೆ ಪೊಟ್ಟಣದ ಪುಡಿಯನ್ನು ಬಳಸಬೇಡಿ, ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಪುಡಿಗಳು ಪತ್ತೆಯಾಗಿರುವುದುಂಟು. ಕೊಂಬನ್ನು ಸಾಣೆಕಲ್ಲಿನ ಮೇಲೆ ತೇಯ್ದುಕೊಳ್ಳಿ.

ಬಿಸಿಲಿಗೆ ಮನೆಮದ್ದಿಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣಗಳ ಪ್ರಖರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಆದರೂ ಗಾಳಿ ತಂಪಾಗಿರುವ ಕಾರಣ ಅದು ನಮ್ಮ ಅರಿವಿಗೆ ಬರುವುದಿಲ್ಲ. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ರ ಸನ್‌ಸ್ಕ್ರೀನ್ ಒಂದನ್ನು ಮಾತ್ರ ಅಂಗಡಿಯಿಂದ ಕೊಳ್ಳಿ, ಎರಡು ಬೆರಳುಗಳ ಉದ್ದಕ್ಕೆ ಹಿಂಡಿ ಮುಖಕ್ಕೂ ಕತ್ತಿಗೂ ಹಚ್ಚಿಕೊಳ್ಳಿ.

ನೀವು ಈವರೆಗೆ ಬಳಸಿದ ಕ್ರೀಮುಗಳ ಹೆಸರು ಬರೆದಿಲ್ಲ. ಅವುಗಳಲ್ಲಿ ಯಾವುದಾದರೂ ಒಂದೇ ವಾರದಲ್ಲಿ ಮುಖವನ್ನು ಬೆಳ್ಳಗೆ ಮಾಡಿದ್ದು, ನಿಲ್ಲಿಸಿದೊಡನೆ ಉರಿ ಮತ್ತು ಮೊಡವೆ ಬಂದಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿದೆ. ಹಾಗಿದ್ದರೆ ನಾನು ಹೇಳಿದ ಯಾವುದನ್ನೂ ಆರಂಭಿಸದೆ ಮೊದಲು ಚರ್ಮವೈದ್ಯರನ್ನು ಕಾಣಿ. ಕೆನ್ನೆಯ ಮೇಲೆ ಬಂಗು ಹರಡುತ್ತಿದ್ದರೂ, ಮೊಡವೆ ಗಂಟುಗಟ್ಟಿ ಗುಳಿ ಬೀಳುತ್ತಿದ್ದರೂ ಇದೇ ಮಾತು. ಶಿವಾಜಿನಗರದ ಬೌರಿಂಗ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, ನಿಮಗೆ ವೈಟ್‌ಫೀಲ್ಡಿನಿಂದ ಮೆಟ್ರೊದ ನೇರಳೆ ಮಾರ್ಗ ಅನುಕೂಲವಾದೀತು.

ಹಾಗೇನೂ ಇಲ್ಲದಿದ್ದರೆ ಹೆಸರುಹಿಟ್ಟಿನಿಂದ ಆರಂಭಿಸಿ. ಪ್ರತಿಯೊಂದು ವಸ್ತುವನ್ನೂ ಮೊದಲು ಮುಂಗೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿ, ಒಂದನ್ನು ಶುರುಮಾಡಿದ ವಾರದಲ್ಲಿ ಇನ್ನೊಂದನ್ನು ಸೇರಿಸಬೇಡಿ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 4 ವಾರ ಬೇಕಾಗುವುದರಿಂದ ಅಷ್ಟು ದಿನ ತಾಳ್ಮೆಯಿಂದಿರಿ. ಮತ್ತೊಂದು ವಿಷಯ: ನಿಮ್ಮ ಗೆಳತಿ ತಾನೂ ನಿಂಬೆ ಹಚ್ಚಿಕೊಳ್ಳುತ್ತಿದ್ದರೆ ಇಂದೇ ಅವಳಿಗೆ ತಿಳಿಸಿ. ಹಚ್ಚಿಕೊಂಡಾಗಿದ್ದರೆ ಚೆನ್ನಾಗಿ ತೊಳೆದುಕೊಂಡು, ನಾಳೆ ಬಿಸಿಲೇರುವ ಮುಂಚೆ ಕೆಲಸಕ್ಕೆ ಹೊರಡಲಿ, ದುಪಟ್ಟಾದಿಂದ ಮುಖ ಕತ್ತು ಎರಡನ್ನೂ ಮುಚ್ಚಿಕೊಳ್ಳಲಿ.