ಓದುಗರ ಪ್ರಶ್ನೆ: ಬಾಲಿಯ ವಿಲ್ಲಾ, ಗೋಕರ್ಣದ ಗುಡ್ಡ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಹೊರಗಿನವರು ಸಮುದ್ರದ ಬದಿಗೆ, ದ್ವೀಪದಲ್ಲಿ ಜಾಗ ಕೊಳ್ಳಬಹುದೋ ಇಲ್ಲವೋ. ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ಸ್ನೇಹಿತರ ಜೊತೆ ಸೇರಿ ಬಾಲಿಯಲ್ಲಿ ವಿಲ್ಲಾ ಕೊಳ್ಳಲು ಹೊರಟಿದ್ದಾನೆ. ಏಜೆಂಟ್ ‘ಪೂರ್ತಿ ನಿಮ್ಮದೇ’ ಅನ್ನುತ್ತಾನೆ, ಆದರೆ ಕಾಗದ ಅಲ್ಲಿಯವನೊಬ್ಬನ ಹೆಸರಿನಲ್ಲಿ ಇರುತ್ತದಂತೆ. ನಂಬಬಹುದಾ?
(ಅಡಿಕೆ ಬೆಳೆಗಾರರು, ಶಿರಸಿ)

ಉತ್ತರ: ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲ ಅಂತಾದರೆ ಸದ್ಯ ಕೊಡುವುದು ಬೇಡ ಎನ್ನಿ.

ಬಾಲಿ ಇರುವುದು ಇಂಡೋನೇಷ್ಯಾದಲ್ಲಿ. ಅಲ್ಲಿಯ 1960ರ ಭೂಮಿ ಕಾನೂನಿನ ಪ್ರಕಾರ ಪೂರ್ತಿ ಒಡೆತನ, ಅವರು ‘ಹಕ್ ಮಿಲಿಕ್’ ಅನ್ನುವುದು, ಆ ದೇಶದ ಪ್ರಜೆಗಳಿಗೆ ಮಾತ್ರ. ಹೊರಗಿನವರಿಗೆ ಸಿಗುವುದು ‘ಹಕ್ ಪಕಾಯ್’, ಅಂದರೆ ಬಳಸುವ ಹಕ್ಕು, ಅದೂ ಅಲ್ಲಿ ವಾಸಕ್ಕೆ ಪರವಾನಗಿ ಇದ್ದವರಿಗೆ. ಇಲ್ಲದಿದ್ದರೆ ಇಷ್ಟು ವರ್ಷ ಅಂತ ಲೀಸ್. ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸೊಪ್ಪಿನಬೆಟ್ಟ ಇದೆಯಲ್ಲ, ತೋಟಕ್ಕೆ ಸೊಪ್ಪು ತರಲು ಅಂತ ಸರ್ಕಾರ ಬಿಟ್ಟುಕೊಟ್ಟ ಕಾಡು, ಅಜ್ಜನ ಕಾಲದಿಂದ ಸೊಪ್ಪು ಕಡಿದು, ದರಕು ಗುಡಿಸಿ, ಬೇಲಿ ಹಾಕಿ ‘ನಮ್ಮ ಬೆಟ್ಟ’ ಅನ್ನುತ್ತೇವೆ, ಅದು ಯಾರದ್ದು ಅನ್ನುವುದು ಮಾರಲು ಹೋದ ದಿನ ಗೊತ್ತಾಗುತ್ತದೆ. ಬಾಲಿಯ ವಿಲ್ಲಾದ ಕಥೆಯೂ ಅದೇ.

ಇನ್ನು ಬೇರೆಯವನ ಹೆಸರಿನ ಕಾಗದ. ಏಜೆಂಟರು ಅದಕ್ಕೆ ‘ನಾಮಿನಿ’ ಎಂದು ಚಂದದ ಹೆಸರಿಟ್ಟಿದ್ದಾರೆ, ನಮ್ಮಲ್ಲಿ ಬೇನಾಮಿ ಅನ್ನುತ್ತೇವೆ. ಸುತ್ತಿ ಬಳಸಿ ವಿದೇಶಿಯ ಕೈಗೆ ಒಡೆತನ ದಾಟಿಸಿದರೆ ಆ ವ್ಯವಹಾರವೇ ರದ್ದು, ಜಮೀನು ಸರ್ಕಾರಕ್ಕೆ, ಕೊಟ್ಟ ಹಣ ವಾಪಸ್ ಕೇಳುವ ಹಾಗೂ ಇಲ್ಲ ಎಂದು ಅದೇ 1960ರ ಕಾನೂನು ಹೇಳುತ್ತದೆ. ಕಾಗದದಲ್ಲಿ ಹೆಸರಿರುವವನು ನಾಳೆ ‘ಇದು ನನ್ನದು’ ಅಂದರೆ ನಿಮ್ಮ ಮಗ ಯಾವ ಕೋರ್ಟಿಗೆ ಹೋಗಿ ಏನು ಹೇಳುತ್ತಾನೆ? ‘ಕಾನೂನು ತಪ್ಪಿಸಲು ನಾವೇ ಹೀಗೆ ಮಾಡಿದ್ದು’ ಅಂತಲಾ?

ಎಲ್ಲಾ ಕಡೆ ಬಾಗಿಲು ಹಾಕಿದೆ ಅಂತಲ್ಲ. ಥಾಯ್ಲೆಂಡಿನ ಫುಕೆಟ್‌ನಲ್ಲಿ ನೆಲ ಸಿಗುವುದಿಲ್ಲ, ಆದರೆ ಅಪಾರ್ಟ್‌ಮೆಂಟಿನ ಮನೆ ಸ್ವಂತ ಹೆಸರಿಗೇ ಸಿಗುತ್ತದೆ; ಒಂದು ಕಟ್ಟಡದಲ್ಲಿ ವಿದೇಶಿಯರ ಪಾಲು ಶೇ 49 ದಾಟಬಾರದು ಅಷ್ಟೆ. ಮಾರಿಷಸ್‌ನಲ್ಲಿ ಸರ್ಕಾರ ಒಪ್ಪಿದ ಯೋಜನೆಗಳಲ್ಲಿ ವಿದೇಶಿಯರು ರಾಜಾರೋಷವಾಗಿ ಮನೆ ಕೊಳ್ಳುತ್ತಾರೆ. ಫಿಜಿಯಲ್ಲಿ ಶೇ 80ಕ್ಕಿಂತ ಜಾಸ್ತಿ ಭೂಮಿ ಮೂಲನಿವಾಸಿಗಳ ಕುಲಗಳದ್ದು, ಅದನ್ನು ಲೀಸಿಗೆ ಕೊಡಬಹುದು, ಮಾರುವಂತಿಲ್ಲ.

ಲೀಸಿಗೇ ಆಗಲಿ ಅಂತ ಮಗ ಮನಸ್ಸು ಮಾಡಿದರೆ, ಹಣ ಬ್ಯಾಂಕಿನ ಮೂಲಕವೇ ಹೋಗಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸಬಹುದು. ಆಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸಲೇಬೇಕು. ಇದನ್ನು ಏಜೆಂಟ್ ಹೇಳುವುದಿಲ್ಲ.

ಪ್ರಶ್ನೆ: ಗೋಕರ್ಣದ ಹತ್ತಿರ ಒಬ್ಬ ವಿದೇಶಿ ಗುಡ್ಡವನ್ನೇ ಕೊಂಡಿದ್ದಾನಂತೆ. 2020ರಲ್ಲಿ ಕಾನೂನು ಬದಲಾಯಿತಲ್ಲ, ಈಗ ಯಾರು ಬೇಕಾದರೂ ಕೊಳ್ಳಬಹುದಂತೆ. ಹೌದಾ?
(ಓದುಗರು, ಅಂಕೋಲಾ)

ಉತ್ತರ: ಇಲ್ಲಿ ಎರಡು ಸುದ್ದಿ ಗಂಟು ಬಿದ್ದಿವೆ. 2020ರಲ್ಲಿ ಕರ್ನಾಟಕ ತೆಗೆದು ಹಾಕಿದ್ದು ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು. ಅದರಿಂದ ರೈತರಲ್ಲದವರಿಗೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು, ನಿಜ. ವಿದೇಶಿಯರನ್ನು ತಡೆಯುವುದು ಬೇರೆ ಕಾನೂನು, ಕೇಂದ್ರದ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ಅದು ಹಾಗೇ ಇದೆ. ಭಾರತ ಮೂಲದವನಲ್ಲದ, ಇಲ್ಲಿ ನೆಲೆಸದ ವಿದೇಶಿ ಇಲ್ಲಿ ಆಸ್ತಿ ಕೊಳ್ಳುವಂತಿಲ್ಲ, 5 ವರ್ಷದೊಳಗಿನ ಲೀಸ್ ಮಾಡಬಹುದು. ಕೆಲಸಕ್ಕೋ ವ್ಯಾಪಾರಕ್ಕೋ ಬಂದು ನೆಲೆಸಿದವರ ಲೆಕ್ಕ ಬೇರೆ, ಅದಕ್ಕೆ ವೀಸಾ, 182 ದಿನದ ವಾಸ ಎಲ್ಲ ನೋಡುತ್ತಾರೆ. ಟೂರಿಸ್ಟ್ ವೀಸಾದಲ್ಲಿ ಬಂದು ಓಂ ಬೀಚಿನಲ್ಲಿ ಸುಮ್ನೆ ಆರು ತಿಂಗಳು ಬಿದ್ದುಕೊಂಡರೆ ಆಗುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಮಾಡಿಕೊಂಡ ನಮ್ಮ ಊರಿನ ಹುಡುಗನೂ, ಒಸಿಐ ಕಾರ್ಡ್ (ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವುದು) ಇದ್ದರೆ, ಇಲ್ಲಿ ಮನೆ ಕೊಳ್ಳಬಹುದು, ತೋಟ ಗದ್ದೆ ಕೊಳ್ಳುವಂತಿಲ್ಲ.

ನಿಮ್ಮ ಗುಡ್ಡದ ವಿದೇಶಿ ಬಹುಶಃ ಯಾರದ್ದೋ ಮನೆ ಬಾಡಿಗೆಗೆ ಹಿಡಿದಿರಬೇಕು. ಎರಡು ಮಳೆಗಾಲ ಒಂದೇ ಕಡೆ ಇದ್ದು, ಗೇಟಿಗೆ ಬಣ್ಣ ಹೊಡೆದರೆ ಸಾಕು, ಚಾ ಅಂಗಡಿಯಲ್ಲಿ ಅದು ‘ಕೊಂಡಾಯಿತು’. ಸಂಶಯ ಹೋಗದಿದ್ದರೆ ಸರ್ವೆ ನಂಬರ್ ಹುಡುಕಿ, ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆದು ನೋಡಿ. ಯಾರು ಬೇಕಾದರೂ ನೋಡಬಹುದು.

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ದುಡ್ಡಿದ್ದವರು ದ್ವೀಪವನ್ನೇ ಖರೀದಿ ಮಾಡಬಹುದಂತೆ?
(ಓದುಗರು, ಭಟ್ಕಳ)

ಉತ್ತರ: ಇದು ಹಳಸಿದ ಸುದ್ದಿ, ಆದರೆ ಪೂರ್ತಿ ಸುಳ್ಳಲ್ಲ. 2015ರಲ್ಲಿ ಅವರು ಸಂವಿಧಾನ ತಿದ್ದಿ ವಿದೇಶಿಯರಿಗೆ ಭೂಮಿಯ ಒಡೆತನ ಕೊಡಲು ಹೊರಟಿದ್ದು ಹೌದು. ಷರತ್ತು ಕೇಳಿ: 100 ಕೋಟಿ ಡಾಲರ್ ಹೂಡಬೇಕು, ಯೋಜನೆಯ ಶೇ 70ರಷ್ಟು ನೆಲ ಸಮುದ್ರ ತುಂಬಿಸಿ ಮಾಡಿದ್ದಾಗಿರಬೇಕು. 2019ರಲ್ಲಿ ಅದನ್ನೂ ರದ್ದು ಮಾಡಿದರು. ಈಗ ದೊಡ್ಡ ದೊಡ್ಡ ರೆಸಾರ್ಟ್ ಕಂಪನಿಗಳೂ ದ್ವೀಪಗಳನ್ನು ಲೀಸಿಗೇ ಪಡೆಯುವುದು.

ಪ್ರಶ್ನೆ: ವಿದೇಶದ ಮಾತು ಬಿಡಿ. ನಮ್ಮದೇ ಲಕ್ಷದ್ವೀಪದಲ್ಲಿ, ಅದೂ ಬೇಡ, ಇಲ್ಲೇ ಅಂಜದೀವದಲ್ಲಿ ನಮಗೆ ಜಾಗ ಸಿಗುತ್ತದಾ?
(ಓದುಗರು, ಬೈತಖೋಲ್, ಕಾರವಾರ)

ಉತ್ತರ: ಲಕ್ಷದ್ವೀಪಕ್ಕೆ ಹೊರಗಿನವರು ಕಾಲಿಡಲೇ ಪರ್ಮಿಟ್ ಬೇಕು. ಅಲ್ಲಿಯ ಜನ ಪರಿಶಿಷ್ಟ ಪಂಗಡದವರು, ಅವರ ಭೂಮಿಗೆ ಕಾನೂನಿನ ಕಾವಲಿದೆ. ಅಂಜದೀವ ಕಾರವಾರದ ಎದುರಿಗೇ ಇದ್ದರೂ ಲೆಕ್ಕದಲ್ಲಿ ಗೋವಾದ್ದು, ಕೈಯಲ್ಲಿ ನೌಕಾಪಡೆಯದ್ದು. ತಡೆಗೋಡೆ ಕಟ್ಟಿ ದಡಕ್ಕೂ ಸೇರಿಸಿಬಿಟ್ಟಿದ್ದಾರೆ, ಹಾಗಾಗಿ ಅದನ್ನು ಈಗ ದ್ವೀಪ ಅನ್ನಬೇಕೋ ಬೇಡವೋ ಅನ್ನುವುದೇ ನನಗೊಂದು ಪ್ರಶ್ನೆ.